ಬಚ್ಚಲಿಗೆ ಬಿಸಿನೀರು, ಮಲಗುವ ಕೋಣೆಗೆ ಬೆಚ್ಚಗಿನ ಗೋಡೆ

"ಹೊಸ ಮನೇಲಿ ನಾನು ಒಲೆ ಊದಲ್ಲ. ಈಗ್ಲೇ ಹೇಳಿದೀನಿ."

ಪಾಯ ತೆಗೆಯುವ ಮೊದಲು ಅಮ್ಮ ಹಾಕಿದ ಷರತ್ತು ಇದೊಂದೇ. ಅಪ್ಪಯ್ಯನದೂ ಒಂದೇ. "ಕರೆಂಟಿನ ನೀರು ಮೈಗೆ ಹಿಡಿಯಲ್ಲ ಮಾರಾಯ. ಹಂಡೆ ನೀರೇ ಆಗ್ಬೇಕು." ಇಬ್ಬರೂ ಎಪ್ಪತ್ತು ದಾಟಿದವರು. ಇಬ್ಬರಿಗೂ ಹೂಂ ಅಂದುಬಿಟ್ಟೆ. ಆ ಎರಡು ಹೂಂಗಳಿಗೆ ನಾನು ತೆತ್ತ ಕೆಲಸದ ಲೆಕ್ಕ ಇದು.

ನಮ್ಮದು ಕೊಪ್ಪ ತಾಲ್ಲೂಕು. ಸಣ್ಣ ಅಡಿಕೆ ತೋಟ, ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು. ಹಳೆ ಮನೆ ಇಬ್ಬರಿಗೆ ತೀರಾ ದೊಡ್ಡದಾಗಿತ್ತು, ಮೇಲಾಗಿ ಸೋರುತ್ತಿತ್ತು. ಅದರ ಪಕ್ಕದಲ್ಲೇ 650 ಚದರಡಿಯ ಹೆಂಚಿನ ಮನೆ ಕಟ್ಟೋಣ ಅಂತ 2024ರ ನವೆಂಬರ್‌ನಲ್ಲಿ ಶುರು ಮಾಡಿದೆವು. ಬಚ್ಚಲಿಗೆ ಮಾತ್ರ ಆರ್‌ಸಿಸಿ ತಾರಸಿ, ಟ್ಯಾಂಕು ಕೂರಿಸಲು.

ಮಲೆನಾಡಿನಲ್ಲಿ ಮನೆ ಬೆಚ್ಚಗಿಡುವುದು ಅಂದರೆ ಚಳಿ ಓಡಿಸುವುದಷ್ಟೇ ಅಲ್ಲ. ಚಳಿ ಇರುವುದು ಡಿಸೆಂಬರ್, ಜನವರಿ. ಆಗ ನಮ್ಮ ಜಗಲಿಯಲ್ಲಿ ನೇತು ಹಾಕಿದ ಥರ್ಮಾಮೀಟರ್ ಬೆಳಗಿನ ಜಾವ 12, 13 ಡಿಗ್ರಿ ತೋರಿಸುತ್ತದೆ. ಎರಡು ಕಂಬಳಿ ಹೊದ್ದರೆ ಮುಗಿಯಿತು. ನಿಜವಾದ ಕಾಟ ಮಳೆಗಾಲದ ಥಂಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗಲ್ಲ. ಹಾಸಿಗೆ ಮುಟ್ಟಿದರೆ ಒದ್ದೆ ಅನ್ನಿಸುತ್ತದೆ. ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಸ್ಟು. ಹಳೆ ಮನೆಯಲ್ಲಿ ಇದಕ್ಕೆಲ್ಲ ಇದ್ದ ಔಷಧ ಬಚ್ಚಲ ಒಲೆ. ಅದರ ಮೇಲಿನ ಅಟ್ಟದಲ್ಲಿ ಸೌದೆ, ಕೆಳಗೆ ಹಗ್ಗದ ಮೇಲೆ ಬಟ್ಟೆ, ಪಕ್ಕದಲ್ಲಿ ಬೆಂಕಿ ಕಾಯಿಸುತ್ತ ಕೂತ ಅಪ್ಪಯ್ಯ. ಬಟ್ಟೆ ಒಣಗುತ್ತಿತ್ತು ನಿಜ. ಆದರೆ ಹೊಗೆ ವಾಸನೆ ಶಾಲೆವರೆಗೂ ನನ್ನ ಜೊತೆ ಬರುತ್ತಿತ್ತು.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಹಳೆ ಒಲೆಯನ್ನೇ ಅಳೆಯೋಣ ಅಂತ ಕೂತೆ. ಅಡಿಕೆ ತೂಗುವ ಕಾಟಾದಲ್ಲಿ ಸೌದೆ ತೂಗಿದೆ. ಹಂಡೆಗೆ ಬಿಂದಿಗೆಯಲ್ಲಿ ಅಳೆದು 80 ಲೀಟರ್ ನೀರು ಹೊಯ್ದೆ. ಇಬ್ಬರ ಸ್ನಾನಕ್ಕೆ, ಪಾತ್ರೆಗೆ ಸೇರಿ ದಿನಕ್ಕೆ ಬೇಕಾಗುವುದು ಅಷ್ಟು. ನೀರು 21 ಡಿಗ್ರಿಯಿಂದ 60ಕ್ಕೆ ಏರುವಷ್ಟರಲ್ಲಿ 7 ಕಿಲೋ ಸೌದೆ ಹೋಯಿತು.

ಒಂದು ಯೂನಿಟ್ ಕರೆಂಟಿನ ಶಾಖ ಪೂರ್ತಿ ನೀರಿಗೇ ಹೋದರೆ 860 ಲೀಟರ್ ನೀರು ಒಂದು ಡಿಗ್ರಿ ಏರುತ್ತದೆ. 80 ಲೀಟರ್, 39 ಡಿಗ್ರಿ ಅಂದರೆ 3.6 ಯೂನಿಟ್ ಚಿಲ್ಲರೆ. ಒಣಗಿದ ಸೌದೆಯ ಒಂದು ಕಿಲೋದಲ್ಲಿ ಸುಮಾರು 4 ಯೂನಿಟ್‌ನಷ್ಟು ಶಾಖ ಇರುತ್ತದೆ. 7 ಕಿಲೋ ಸುಟ್ಟು 28 ಯೂನಿಟ್ ಖರ್ಚು ಮಾಡಿ ನಾವು ನೀರಿಗೆ ಮುಟ್ಟಿಸಿದ್ದು ಮೂರೂವರೆ! ಉಳಿದದ್ದು ಹೆಂಚಿನ ಸಂದಿಯಲ್ಲಿ, ಅಪ್ಪಯ್ಯನ ಬೆನ್ನಿಗೆ, ಅಮ್ಮನ ಕಣ್ಣಿಗೆ.

ಈ 3.6 ಅನ್ನುವ ಅಂಕಿ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡರೆ ಎಲ್ಲ ಅಂಗಡಿಯವರ ಮಾತನ್ನೂ ತೂಗಬಹುದು.

ಮೊದಲು ಗೀಸರ್. ಸುಲಭ, ಅಗ್ಗ, ಅಮ್ಮನಿಗೆ ಇಷ್ಟ. ದಿನಕ್ಕೆ 3.6 ಯೂನಿಟ್, ಟ್ಯಾಂಕು ಸುಮ್ನೆ ತಣಿಯುವುದೂ ಸೇರಿ 4 ಅಂತ ಇಟ್ಟುಕೊಂಡರೆ ತಿಂಗಳಿಗೆ 120. ನಮ್ಮ ಮನೆಯ ಸರಾಸರಿ ಬಳಕೆ 62 ಯೂನಿಟ್. ಗೃಹಜ್ಯೋತಿಯಲ್ಲಿ ಅದಕ್ಕೆ ಶೇ. 10 ಸೇರಿಸಿ 68 ಯೂನಿಟ್‌ವರೆಗೆ ಬಿಲ್ಲಿಲ್ಲ. ಗೀಸರ್ ಬಂದರೆ ಮೇಲಿನ ನೂರಹದಿನಾಲ್ಕಕ್ಕೆ ಪ್ರತಿ ತಿಂಗಳೂ ದುಡ್ಡು. ಬೇಸಿಗೆ ರಜೆಗೆ ಮೊಮ್ಮಕ್ಕಳು ಬಂದು 200 ದಾಟಿತೋ, ಆ ತಿಂಗಳು ಪೂರ್ತಿ ಬಿಲ್ಲು ನಮ್ಮದೇ. ಅದನ್ನಾದರೂ ಸಹಿಸಬಹುದು. ವೋಲ್ಟೇಜ್ ಸಹಿಸುವುದು ಕಷ್ಟ. ಸಂಜೆ ತೋಟದ ಮೋಟಾರುಗಳು ಶುರುವಾದರೆ ನಮ್ಮಲ್ಲಿ 170 ವೋಲ್ಟ್. ಕಾಯಿಲ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟಿಗೆ 2000 ವ್ಯಾಟ್ ಕೊಡುವ ಗೀಸರ್ 170ಕ್ಕೆ ಕೊಡುವುದು 1100 ಅಷ್ಟೇ. ಅರ್ಧ ಗಂಟೆಯಲ್ಲಿ ಕಾಯುವ 25 ಲೀಟರಿಗೆ ಒಂದು ಗಂಟೆ ಬೇಕು. ಇನ್ನು ಜುಲೈನಲ್ಲಿ ಮರ ಬಿದ್ದು ಮೂರು ದಿನ ಲೈನೇ ಇಲ್ಲದಿದ್ದರೆ? ಬಿಸಿನೀರು ಜಾಸ್ತಿ ಬೇಕಾಗುವುದೂ ಆಗಲೇ.

ಗ್ಯಾಸ್ ಗೀಸರ್ ಲೆಕ್ಕದಲ್ಲಿ ಕೆಟ್ಟದ್ದಲ್ಲ. 14.2 ಕಿಲೋ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ಶಾಖ ಇದೆ. ನೂರಕ್ಕೆ 80 ಪಾಲು ನೀರಿಗೆ ಹೋದರೂ 40 ದಿನ ಬರುತ್ತದೆ. ಬ್ಯಾಟರಿಯಲ್ಲಿ ಹೊತ್ತಿಕೊಳ್ಳುವುದರಿಂದ ಕರೆಂಟಿನ ಹಂಗಿಲ್ಲ. ಆದರೆ ಅದನ್ನು ಬಚ್ಚಲೊಳಗೆ ಹಾಕಲೇಬಾರದು. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಉರಿದರೆ ಗಾಳಿ ಸಾಲದೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಸ್ನಾನಕ್ಕೆ ಹೋದವರು ಹೊರಗೆ ಬರಲ್ಲ. ಹೊರಗೋಡೆಗೆ ಹಾಕಬಹುದು. ನಮ್ಮ ಮಳೆಗೆ ಅಲ್ಲಿ ಅದರ ಗತಿ ಏನಾಗುತ್ತದೋ ಅಂತ ಬಿಟ್ಟೆ. ಮಳೆಗಾಲದಲ್ಲಿ ಸಿಲಿಂಡರ್ ಗಾಡಿ ನಮ್ಮ ಏರು ಹತ್ತಲ್ಲ, ಅದೂ ಒಂದು.

ಹೀಟ್ ಪಂಪ್ ಬಗ್ಗೆ ಬೆಂಗಳೂರಿನ ಗೆಳೆಯ ತುಂಬಾ ಹೇಳಿದ. ಗಾಳಿಯ ಶಾಖ ಎಳೆದು ನೀರಿಗೆ ಕೊಡುತ್ತದೆ, ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ. ಒಳ್ಳೆಯ ಯಂತ್ರವೇ. ಆದರೆ ಕಂಪ್ರೆಸರ್ ಕೆಟ್ಟರೆ ರಿಪೇರಿಯವರು ಬರಬೇಕಾದದ್ದು ಎಲ್ಲಿಂದ? ಮುಂದಕ್ಕೆ ಹೋದೆ.

ಉಳಿದದ್ದು ಸೋಲಾರ್ ಮತ್ತು ಸೌದೆ. ಸೋಲಾರ್ ನಾಲ್ಕು ತಿಂಗಳು ಮಲಗುತ್ತದೆ. ಸೌದೆ ತೋಟದಲ್ಲೇ ಬಿದ್ದಿದೆ, ಹೊತ್ತಿಸುವವರು ಬೇಕು. ಎರಡನ್ನೂ ಒಂದೇ ನಲ್ಲಿಗೆ ಸೇರಿಸೋಣ, ಒಲೆಯ ಹೊಗೆಯನ್ನು ಮಲಗುವ ಕೋಣೆಯ ಗೋಡೆಯ ಹಿಂದೆ ಸುತ್ತಿಸಿ ಗೋಡೆ ಬೆಚ್ಚಗೆ ಮಾಡೋಣ ಅಂತ ತೀರ್ಮಾನಿಸಿದೆ. ಅಪ್ಪಯ್ಯನಿಗೆ ಹಂಡೆ ನೀರು ಆಯಿತು. ಅಮ್ಮನ ಷರತ್ತು? ಒಲೆ ಊದಬೇಕಾಗುವುದು ಅದು ತಾನೇ ಗಾಳಿ ಎಳೆಯದಿದ್ದಾಗ. ಎಳೆಯುವ ಒಲೆ ಕಟ್ಟಿದರೆ ಊದುಗೊಳವೆಯನ್ನೇ ತಂದಿಡಬೇಕಾಗಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟೆ. ಅಮ್ಮ ನಂಬಲಿಲ್ಲ.

ಸೋಲಾರ್ ಆರಿಸುವ ಕೆಲಸ ಮೊದಲು ಮುಗಿಸಿದೆವು. ಅಂಗಡಿಯಲ್ಲಿ ಎಲ್ಲರೂ ತೋರಿಸಿದ್ದು ಗಾಜಿನ ಟ್ಯೂಬಿನ ಮಾಡೆಲ್. ಅಗ್ಗ, ಮೋಡದ ದಿನ ಸ್ವಲ್ಪ ಚೆನ್ನಾಗಿ ಕಾಯುತ್ತದೆ. ಆದರೆ ನಮ್ಮಲ್ಲಿ ಮಂಗ ಇವೆ. ಪಕ್ಕದ ಮನೆಯವರ ಸೋಲಾರ್ ಮೇಲೆ ಮಂಗ ಹಾರಿ ಒಂದು ಟ್ಯೂಬು ಒಡೆದದ್ದನ್ನು ನಾನೇ ನೋಡಿದ್ದೇನೆ. ಅದರಲ್ಲಿ ನೀರು ಟ್ಯೂಬಿನೊಳಗೇ ಇರುತ್ತದೆ. ಒಂದು ಒಡೆದರೆ ಇಡೀ ಟ್ಯಾಂಕು ಅಲ್ಲಿಂದ ಖಾಲಿ. ಹಾಗಾಗಿ ಚಪ್ಪಟೆ ಪ್ಯಾನೆಲ್ ತಗೊಂಡೆ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ ಒಂದು ಪ್ಯಾನೆಲ್, ಮೇಲೆ ಗಟ್ಟಿ ಗಾಜು, ಒಳಗೆ ತಾಮ್ರದ ಕೊಳವೆ, 100 ಲೀಟರ್ ಟ್ಯಾಂಕು. ಕೋಲಾರದ ಕಡೆ ಬೋರ್‌ವೆಲ್ಲಿನ ಗಡಸು ನೀರಿಗೆ ಈ ಸಣ್ಣ ತಾಮ್ರದ ಕೊಳವೆಗಳು ಸುಣ್ಣ ಕಟ್ಟಿ ಮುಚ್ಚಿಹೋಗುತ್ತವೆ, ಅಲ್ಲಿ ಬೇರೆ ಯೋಚನೆ ಮಾಡಬೇಕು. ನಮ್ಮ ಅಬ್ಬಿ ನೀರು ಮೆತ್ತಗಿನದು. ಕೆಟಲ್ ತಳದಲ್ಲಿ ಬಿಳಿ ಪದರ ಕೂತದ್ದನ್ನು ನಾವು ಕಂಡೇ ಇಲ್ಲ.

ಎಲ್ಲಿ ಇಡುವುದು ಅನ್ನುವುದೇ ಕಷ್ಟವಾಯಿತು. ಬಚ್ಚಲ ದಕ್ಷಿಣಕ್ಕೆ 25 ಅಡಿ ದೂರದಲ್ಲಿ ಅಡಿಕೆ ಮರದ ಮೊದಲ ಸಾಲು. ಡಿಸೆಂಬರ್ 21ರ ಮಧ್ಯಾಹ್ನ ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟು ನೆರಳು ಅಳೆದೆ. 75 ಸೆಂಟಿಮೀಟರ್. ವರ್ಷದಲ್ಲಿ ನಡು ಮಧ್ಯಾಹ್ನದ ನೆರಳು ನಮ್ಮಲ್ಲಿ ಇದಕ್ಕಿಂತ ಉದ್ದ ಆಗಲ್ಲ. ಅಡಿಕೆ ಮರ 50 ಅಡಿ, ಪ್ಯಾನೆಲ್ 11 ಅಡಿ ಎತ್ತರದಲ್ಲಿ. ಉಳಿದ 39 ಅಡಿಯ ನೆರಳು 29 ಅಡಿ. ಅಂದರೆ ಬಿಸಿನೀರಿಗೆ ಬಿಸಿಲು ಬೇಕಾದ ತಿಂಗಳಲ್ಲೇ ಪ್ಯಾನೆಲ್ ಮೇಲೆ ಅಡಿಕೆ ಗರಿ ಆಡುತ್ತದೆ. ಮರ ಕಡಿಯೋ ಮಾತು ಅಪ್ಪಯ್ಯನ ಹತ್ತಿರ ಎತ್ತುವ ಹಾಗಿಲ್ಲ. ಬಚ್ಚಲನ್ನೇ ನಕ್ಷೆಯಲ್ಲಿ ಎಂಟು ಅಡಿ ಉತ್ತರಕ್ಕೆ ಸರಿಸಿದೆವು. ಪಾಯ ತೆಗೆದಿರಲಿಲ್ಲ, ಬಚಾವ್. ಕೋಲು ನೆಟ್ಟು ನೋಡುವುದು ಹತ್ತು ನಿಮಿಷದ ಕೆಲಸ, ದಯವಿಟ್ಟು ಮಾಡಿ.

ಪ್ಯಾನೆಲ್ ದಕ್ಷಿಣಕ್ಕೆ ಮುಖ, ಓರೆ 26 ಡಿಗ್ರಿ. ನಮ್ಮ ಅಕ್ಷಾಂಶ ಹದಿಮೂರೂವರೆ, ಅದಕ್ಕಿಂತ ಜಾಸ್ತಿ ಓರೆ ಕೊಟ್ಟದ್ದು ಚಳಿಗಾಲದ ಸೂರ್ಯನಿಗೆ. ಸೋಲಾರ್ ಟ್ಯಾಂಕಿನ ತಳ ಪ್ಯಾನೆಲಿನ ತಲೆಗಿಂತ ಮೇಲಿರಬೇಕು, ತಣ್ಣೀರಿನ ಟ್ಯಾಂಕು ಅದಕ್ಕಿಂತಲೂ ಮೇಲೆ. ಪಂಪು ಗಿಂಪು ಏನೂ ಇಲ್ಲ. ಕಾದ ನೀರು ಹಗುರಾಗಿ ತಾನೇ ಹತ್ತುತ್ತದೆ, ತಣ್ಣೀರು ಇಳಿಯುತ್ತದೆ.

ಇನ್ನು ಒಲೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಅಂತ ಒಂದು ಕೇಂದ್ರ ಶುರುವಾಯಿತು, ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ. ಅವರ ಅಸ್ತ್ರ ಒಲೆ ಎಂಬತ್ತರ ದಶಕದಲ್ಲಿ ತುಂಬಾ ಕಡೆ ಬಂತು. ನಮ್ಮ ಗಾರೆ ಮೇಸ್ತ್ರಿಯ ತಂದೆ ಆ ಕಾಲದಲ್ಲಿ ಅಂಥ ಒಲೆ ಕಟ್ಟಿದವರಂತೆ. ಸೌದೆಯ ಕೆಳಗೆ ಜಾಲರಿ, ಜಾಲರಿ ಕೆಳಗಿನಿಂದ ಗಾಳಿ, ಪಾತ್ರೆಗೆ ತಾಗಿಯೇ ಹೋಗುವ ಬೆಂಕಿ, ಕೊನೆಗೆ ಚಿಮಣಿ. ಮೇಸ್ತ್ರಿಗೆ ಇಷ್ಟು ಗೊತ್ತಿದ್ದದ್ದು ನನ್ನ ಪುಣ್ಯ. ನಾನು ಹಾಳೆಯಲ್ಲಿ ಗೀಚಿದ್ದನ್ನು ಅವನು ಒಮ್ಮೆ ನೋಡಿ, "ಜಾಲರಿಗೂ ಹಂಡೆಗೂ ಇಷ್ಟು ಬಿಡ್ಬೇಕು" ಅಂತ ಗೇಣು ತೋರಿಸಿದ. ಅಳೆದರೆ ಒಂಬತ್ತು ಇಂಚು.

ಹಂಡೆ ಅಂದರೆ ಬಾಯಿ ತೆರೆದ ತಾಮ್ರದ ಹಂಡೆ ಅಲ್ಲ. 80 ಲೀಟರಿನ ಮುಚ್ಚಿದ ಸ್ಟೀಲ್ ಡ್ರಮ್ಮು, ಪೇಟೆಯ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದು. ಮೂರು ತೂತು: ತಳದ ಹತ್ತಿರ ತಣ್ಣೀರು ಒಳಗೆ, ನೆತ್ತಿಯ ಹತ್ತಿರ ಬಿಸಿನೀರು ಹೊರಗೆ, ನಡುನೆತ್ತಿಯಿಂದ ಹಬೆ ಹೊರಗೆ ಹೋಗಲು ವೆಂಟ್ ಪೈಪು. ಬಿಸಿನೀರು ಮೇಲಿನಿಂದ ಹೋಗುವುದರಿಂದ ಟ್ಯಾಂಕಿನ ನೀರು ನಿಂತರೂ ಡ್ರಮ್ಮು ಖಾಲಿಯಾಗಲ್ಲ. ಮಳೆಗಾಲದಲ್ಲಿ ಅಬ್ಬಿ ಪೈಪಿಗೆ ಎಲೆ ಕಟ್ಟಿಕೊಂಡು ನೀರು ನಿಲ್ಲುವುದು ವಾರಕ್ಕೊಮ್ಮೆ ಇದ್ದದ್ದೇ. ಆಗ ಒಲೆ ಉರಿಯುತ್ತಿದ್ದರೆ ಬರಿ ಡ್ರಮ್ಮು ಸುಡಬಾರದಲ್ವಾ.

ಒಲೆಗೆ ಸಿಮೆಂಟು ಹಾಕಲಿಲ್ಲ. ಸಿಮೆಂಟು ಬೆಂಕಿಗೆ ಬಿರುಕು ಬಿಡುತ್ತದೆ. ಕೆಮ್ಮಣ್ಣಿಗೆ ಭತ್ತದ ಹೊಟ್ಟು ಸೇರಿಸಿ, ನೀರು ಹಾಕಿ ಮೂರು ದಿನ ಕೊಳೆಸಿ ತುಳಿದು ಇಟ್ಟಿಗೆ ಕಟ್ಟಿದೆವು. ಮೇಸ್ತ್ರಿ ಕರಣೆ ಬದಿಗಿಟ್ಟು ಅಂಗೈಯಲ್ಲೇ ಒಳಮೈ ಬಳಿದ. ಡ್ರಮ್ಮಿನ ಸುತ್ತ ಒಂದೂವರೆ ಇಂಚು ಸಂದಿ. ಬೆಂಕಿ ತಳಕ್ಕೆ ಬಡಿದು ಆ ಸಂದಿಯಲ್ಲೇ ಮೈ ಸವರಿಕೊಂಡು ಮೇಲೆ ಬರಬೇಕು. ಸಂದಿ ಎಲ್ಲ ಕಡೆ ಒಂದೇ ಇದೆಯಾ ಅಂತ ನೋಡಲು ಅವನ ಹತ್ತಿರ ಒಂದು ದಬ್ಬೆ ತುಂಡಿತ್ತು, ಒಂದೂವರೆ ಇಂಚಿಗೆ ಸೀಳಿದ್ದು. ಅದನ್ನು ಡ್ರಮ್ಮಿನ ಸುತ್ತ ಆಡಿಸುತ್ತ ಬಂದು, ಸಿಕ್ಕಿಹಾಕಿಕೊಂಡ ಕಡೆ ಹೆಬ್ಬೆರಳಿನಿಂದ ಮಣ್ಣು ಕೆರೆಯುತ್ತಿದ್ದ. ಅರ್ಧ ದಿನ ಇದೇ ಕೆಲಸ. ನಾನು ಒಳಗೊಳಗೇ ಕೂಲಿ ಲೆಕ್ಕ ಹಾಕುತ್ತಿದ್ದೆ. ಒಂದು ಕಡೆ ಸಂದಿ ಅಗಲವಾದರೆ ಬೆಂಕಿಯೆಲ್ಲ ಆ ಕಡೆಯಿಂದಲೇ ಓಡಿಹೋಗುತ್ತದೆ ಅಂತ ಆಮೇಲೆ ಹೊಳೆಯಿತು.

ಅಲ್ಲಿಂದ ಹೊಗೆ ನೇರ ಚಿಮಣಿಗೆ ಹೋಗಲ್ಲ. ಬಚ್ಚಲಿಗೂ ಮಲಗುವ ಕೋಣೆಗೂ ನಡುವೆ ಒಂದು ಗೋಡೆ ಇದೆ. ಬಚ್ಚಲ ಕಡೆಯಿಂದ ಅದಕ್ಕೆ ತಾಗಿ ಇಟ್ಟಿಗೆಯ ಗೂಡು ಕಟ್ಟಿದೆವು, ನಾಲ್ಕು ಅಡಿ ಅಗಲ, ಐದು ಅಡಿ ಎತ್ತರ, ನಡುವೆ ಒಂದು ಅಡ್ಡಗೋಡೆ. ಹೊಗೆ ಒಂದು ಕಡೆ ಕೆಳಗಿಳಿದು, ಇನ್ನೊಂದು ಕಡೆ ಮೇಲೆ ಹತ್ತಿ, ಆರು ಇಂಚಿನ ಚಿಮಣಿಗೆ ಸೇರುತ್ತದೆ. ಕೋಣೆಯ ಕಡೆ ಉಳಿಯುವುದು ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ. ಒಂಬತ್ತು ಇಂಚು ಇಟ್ಟಿದ್ದರೆ ಸಂಜೆಯ ಶಾಖ ಒಳಗೆ ಮುಟ್ಟುವಾಗ ನಡುರಾತ್ರಿ ಕಳೆದಿರುತ್ತಿತ್ತು. ನಾಲ್ಕೂವರೆಗೆ ಮೂರು ಗಂಟೆ. ಐದೂವರೆಗೆ ಒಲೆ ಹೊತ್ತಿಸಿದರೆ ಊಟ ಮುಗಿಸಿ ಮಲಗುವ ಹೊತ್ತಿಗೆ ಗೋಡೆ ಬೆಚ್ಚಗೆ.

ಮಲಗುವ ಕೋಣೆಯ ಪಕ್ಕದಲ್ಲೇ ಹೊಗೆ ಓಡಿಸುವುದು ಹುಡುಗಾಟ ಅಲ್ಲ. ಮಸಿ ತೆಗೆಯುವ ಬಾಗಿಲುಗಳೆಲ್ಲ ಬಚ್ಚಲ ಕಡೆಗೇ. ಕೋಣೆಯ ಕಡೆ ಎರಡು ಸಲ ಗಾರೆ, ಒಂದು ತೂತೂ ಇಲ್ಲ. ಹಾಸಿಗೆ ತಲೆಯ ಹತ್ತಿರ ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು. ಕಿಟಕಿಯ ಮೇಲಿನ ಜಾಲರಿ ಮುಚ್ಚುವ ಹಾಗೇ ಇಲ್ಲ. ಇಷ್ಟು ಮಾಡಲು ಆಗದಿದ್ದರೆ ಚಿಮಣಿಯನ್ನು ನೇರ ಹೊರಗೆ ಬಿಡಿ, ಗೋಡೆ ಆಸೆ ಬೇಡ.

2025ರ ಫೆಬ್ರವರಿಯಲ್ಲಿ ಮೊದಲ ಸಲ ಬೆಂಕಿ. ಅಮ್ಮ ಬಾಗಿಲಲ್ಲಿ ಸೆರಗು ಮೂಗಿಗೆ ಹಿಡಿದೇ ನಿಂತಿದ್ದರು. ಎರಡೇ ನಿಮಿಷ. ಹೊಗೆಯೆಲ್ಲ ಒಲೆಬಾಯಿಂದ ಹೊರಗೆ. ಬಚ್ಚಲು ತುಂಬಿ ಅಡುಗೆ ಮನೆಗೂ ನುಗ್ಗಿತು. ಅಮ್ಮ ಏನೂ ಅನ್ನಲಿಲ್ಲ. ಹಳೆ ಮನೆಗೆ ಹೋಗಿ ಊದುಗೊಳವೆ ತಂದು ನನ್ನ ಕಾಲ ಬಳಿ ಇಟ್ಟು ಹೋದರು.

ತಪ್ಪು ನನ್ನದೇ. ಬಿಸಿ ಹೊಗೆ ಮೇಲೆ ಹೋಗುವುದು ಅದರ ಸ್ವಭಾವ. ತಣ್ಣಗಿನ ಗೂಡಿನಲ್ಲಿ ಮೊದಲು ಕೆಳಗಿಳಿ ಅಂದರೆ ಅದು ಯಾಕೆ ಕೇಳುತ್ತದೆ? ಚಿಮಣಿ ಬಿಸಿಯಾಗಿ ಎಳೆಯಲು ಶುರು ಮಾಡಿದ ಮೇಲೆ ಮಾತ್ರ ಆ ಸುತ್ತು ಕೆಲಸ ಮಾಡುತ್ತದೆ. ಗೂಡಿನ ಮೇಲ್ತುದಿ ಒಡೆದು, ಒಲೆಯಿಂದ ನೇರ ಚಿಮಣಿಗೆ ಒಂದು ಅಡ್ಡದಾರಿ ಮಾಡಿ, ಅದಕ್ಕೆ ಎಳೆಯುವ ದಪ್ಪ ತಗಡು ಕೂರಿಸಿದೆವು. ಹೊತ್ತಿಸುವಾಗ ತಗಡು ಹೊರಗೆ, ಹೊಗೆ ನೇರ ಮೇಲೆ. ಹತ್ತು ನಿಮಿಷ ಬಿಟ್ಟು ತಗಡು ಒಳಗೆ, ಹೊಗೆ ಗೋಡೆ ಸುತ್ತಿ ಹೋಗುತ್ತದೆ. ಅಪ್ಪಯ್ಯ ಅದಕ್ಕೆ 'ನಾಲಗೆ' ಅಂತ ಹೆಸರಿಟ್ಟಿದ್ದಾರೆ. ತಗಡು ಪೂರ್ತಿ ಒಳಗಿದ್ದರೂ ಸುತ್ತಿನ ದಾರಿ ತೆರೆದೇ ಇರುತ್ತದೆ. ಹೊಗೆಗೆ ದಾರಿಯೇ ಇಲ್ಲದ ಹಾಗೆ ಮಾಡಲು ಸಾಧ್ಯವಿಲ್ಲ. ಅದು ಬೇಕೆಂದೇ ಮಾಡಿದ್ದು.

ನಲ್ಲಿ ಕೆಲಸದ ಕಥೆ ಬೇರೆ. ಪ್ಲಂಬರ್ ಒಳ್ಳೆ ಕೆಲಸಗಾರ, ಆದರೆ ಸೌದೆ ಬಾಯ್ಲರ್ ಅವನಿಗೆ ಹೊಸದು. ಡ್ರಮ್ಮಿನ ಸಾಕೆಟ್‌ನಿಂದಲೇ ಸಿಪಿವಿಸಿ, ಅಂದರೆ ಬಿಸಿನೀರಿನ ಪ್ಲಾಸ್ಟಿಕ್ ಪೈಪು ತೆಗೆದಿದ್ದ. ಗೀಸರಿಗಾದರೆ ಸರಿ, ನೀರು ಕಾದ ಕೂಡಲೇ ತಾನೇ ಆರಿಸುವ ಥರ್ಮೋಸ್ಟಾಟ್ ಇರುತ್ತದೆ. ಒಲೆಗೆ ಅದೆಲ್ಲಿ? ಒಂದು ದಿನ ಅಪ್ಪಯ್ಯ ಉತ್ಸಾಹದಲ್ಲಿ ಎರಡು ಕುಂಟೆ ಜಾಸ್ತಿ ತುರುಕಿದರು. ನೀರು ಕುದಿಯಿತು. ಸಿಪಿವಿಸಿ ತಡೆಯುವುದು 93 ಡಿಗ್ರಿವರೆಗೆ. ಪೈಪು ಬೇಯಿಸಿದ ಶಾವಿಗೆಯ ಹಾಗೆ ಜೋತುಬಿದ್ದಿತ್ತು. ಈಗ ಡ್ರಮ್ಮಿನಿಂದ ಮೊದಲ ಮೂರು ಅಡಿ ಕಬ್ಬಿಣದ ಜಿಐ ಪೈಪು, ಅದರಾಚೆ ಸಿಪಿವಿಸಿ.

ಎದೆ ಝಲ್ಲೆಂದದ್ದು ವೆಂಟ್ ಪೈಪು ನೋಡಿದಾಗ. ಅದು ತಾರಸಿಯ ಮೇಲೆ ತಣ್ಣೀರು ಟ್ಯಾಂಕಿನ ಎತ್ತರಕ್ಕೇ ನಿಂತಿತ್ತು. ಒಲೆ ಉರಿಯುವಾಗಲೆಲ್ಲ ತುದಿಯಿಂದ ನೀರು ತೊಟ್ಟಿಕ್ಕುತ್ತದೆ ಅಂತ ನಾನೇ ಫೋನಿನಲ್ಲಿ ಹೇಳಿದ್ದೆ. ಮುಂದಿನ ವಾರ ಊರಿಗೆ ಹೋದರೆ ಪ್ಲಂಬರ್ ತುದಿಗೆ ಎಂಡ್ ಕ್ಯಾಪ್ ಅಂಟಿಸಿದ್ದಾನೆ! ಮುಚ್ಚಿದ ಡ್ರಮ್ಮು, ಕೆಳಗೆ ಬೆಂಕಿ, ಹಬೆಗೆ ಇದ್ದ ನೇರ ದಾರಿ ಬಂದ್. ಅವತ್ತು ಒಲೆ ಹೊತ್ತಿಸಲು ಬಿಡಲಿಲ್ಲ. ಹ್ಯಾಕ್‌ಸಾ ತಂದು ಮೊದಲು ಕ್ಯಾಪ್ ಕತ್ತರಿಸಿದೆ. ಆಮೇಲೆ ಯೋಚಿಸಿದೆ, ತೊಟ್ಟಿಕ್ಕುವುದು ಯಾಕೆ? ನೀರು ಕುದಿಯುವಷ್ಟು ಕಾದರೆ ನೂರಕ್ಕೆ ನಾಲ್ಕು ಪಾಲು ಹಿಗ್ಗುತ್ತದೆ. ಡ್ರಮ್ಮಿನಿಂದ ಟ್ಯಾಂಕಿನ ನೀರಿನ ಮಟ್ಟಕ್ಕೆ 14 ಅಡಿ. ಹಗುರಾದ ಬಿಸಿನೀರಿನ ಕಂಬ ಅದಕ್ಕಿಂತ ಅರ್ಧ ಅಡಿ ಮೇಲೆ ನಿಲ್ಲುತ್ತದೆ. ಪೈಪು ಅಷ್ಟು ಎತ್ತರ ಇರಲಿಲ್ಲ, ಅಷ್ಟೇ. ಎರಡು ಅಡಿ ಏರಿಸಿ, ತುದಿಯನ್ನು ಕೊಡೆಯ ಹಿಡಿಯ ಹಾಗೆ ಬಗ್ಗಿಸಿ ಬಿಟ್ಟೆವು. ಈ ಪೈಪಿಗೆ ವಾಲ್ವ್, ಕ್ಯಾಪ್, ಬಟ್ಟೆ ಚಿಂದಿ, ಏನೂ ಯಾವತ್ತೂ ಬೇಡ. ಕೆಂಪು ಬಣ್ಣ ಬಳಿದು ಹಾಗಂತಲೇ ಬರೆದಿದ್ದೇನೆ.

ಸೋಲಾರ್ ಮತ್ತು ಡ್ರಮ್ಮಿನ ಜೋಡಣೆ ಹೀಗೆ. ಸೋಲಾರ್ ಟ್ಯಾಂಕಿನಿಂದ ಇಳಿದ ಪೈಪು ಎರಡಾಗುತ್ತದೆ. ಒಂದು ನೇರ ನಲ್ಲಿಗೆ, ಇನ್ನೊಂದು ಡ್ರಮ್ಮಿನ ತಳಕ್ಕೆ. ಡ್ರಮ್ಮಿನ ನೆತ್ತಿಯಿಂದ ಮತ್ತೆ ಅದೇ ನಲ್ಲಿಗೆ. ಬಾಲ್ ವಾಲ್ವ್ ಎರಡೇ. ಒಂದರ ಮೇಲೆ 'ಬಿಸಿಲು', ಇನ್ನೊಂದರ ಮೇಲೆ 'ಮಳೆ' ಅಂತ ಬರೆದೆ. ಬೇಸಿಗೆಯಲ್ಲಿ 'ಬಿಸಿಲು' ತೆರೆದು 'ಮಳೆ' ಮುಚ್ಚುವುದು, ಮಳೆಗಾಲದಲ್ಲಿ ತಿರುಗಾಮುರುಗಾ. ಡ್ರಮ್ಮಿಗೆ ನೀರು ಹೋಗುವ ದಾರಿಗೆ ವಾಲ್ವೇ ಇಲ್ಲ. ಮರೆತು ಮುಚ್ಚಿ ಒಲೆ ಹೊತ್ತಿಸುವ ಪ್ರಶ್ನೆಯೇ ಬೇಡ ಅಂತ. ಅಲ್ಲಿ ಪೈಪನ್ನು ಒಂದು ಅಡಿ ಕೆಳಗಿಳಿಸಿ ಮತ್ತೆ ಮೇಲೆ ತಂದು ಸೇರಿಸಿದ್ದೇವೆ. ಇಲ್ಲದಿದ್ದರೆ ಡ್ರಮ್ಮಿನ ಬಿಸಿ ಅದೇ ಪೈಪಿನಲ್ಲಿ ಮೆಲ್ಲಗೆ ಮೇಲಕ್ಕೆ ಹತ್ತಿ ಹೋಗುತ್ತದೆ. ಈ ಜೋಡಣೆಯ ಲಾಭ ಗೊತ್ತಾದದ್ದು ಅಕ್ಟೋಬರ್‌ನಲ್ಲಿ. ಅರೆ ಬಿಸಿಲಿನ ದಿನ ಸೋಲಾರ್ ನೀರು 40 ಡಿಗ್ರಿ ಇರುತ್ತದೆ, ಸ್ನಾನಕ್ಕೆ ಸಾಲದು. ಆದರೆ ಡ್ರಮ್ಮಿಗೆ ಬರುವುದೇ ಅದು. ನಾಲ್ಕು ದಬ್ಬೆ ಸುಟ್ಟರೆ ಸಾಕು.

ಮಳೆಗಾಲದ ಲೆಕ್ಕ ಪುಸ್ತಕದಲ್ಲಿ ಬರೆದಿಟ್ಟೆ. ಅದೇ 80 ಲೀಟರ್, ಅದೇ 21ರಿಂದ 60 ಡಿಗ್ರಿ. ಮೂರೂವರೆ ಕಿಲೋ ಸೌದೆ, 50 ನಿಮಿಷ. ಹಳೆ ಒಲೆಯ ಅರ್ಧ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಟ್ಟದ್ದು 430 ಕಿಲೋದ ಆಸುಪಾಸು, ಎಲ್ಲ ತೋಟದ್ದೇ. ಸಿಲ್ವರ್ ಓಕ್ ಮರದ ಕೊಂಬೆ, ಅಡಿಕೆ ದಬ್ಬೆ, ತೆಂಗಿನ ಗೆರಟೆ. ಅಡಿಕೆ ಸಿಪ್ಪೆ ಮಾತ್ರ ಬೇಡ ಅಂದಿದ್ದೇನೆ. ಅದು ಉರಿಯದೆ ಕನಲುತ್ತದೆ, ಗೂಡಿನೊಳಗೆ ಟಾರಿನಂಥ ಅಂಟು ಕಟ್ಟುತ್ತದೆ. ಸೌದೆ ಹಸಿಯಾದರೂ ಇದೇ ಗತಿ. ಮಾರ್ಚ್‌ನಲ್ಲೇ ಸೀಳಿ ಅಟ್ಟಕ್ಕೆ ಹಾಕಬೇಕು.

ಜೂನ್ ಕೊನೆಯ ವಾರ ಪಡುಗಾಳಿ ಜೋರಾದಾಗ ಹೊಗೆ ಒಮ್ಮೊಮ್ಮೆ ವಾಪಸ್ ಬರತೊಡಗಿತು. ಚಿಮಣಿ ಮಾಡಿನ ನೆತ್ತಿಗಿಂತ ಕೆಳಗಿತ್ತು. ಗಾಳಿ ಮಾಡು ಹಾರಿ ಇಳಿಯುವಾಗ ಹೊಗೆಯನ್ನೂ ಒತ್ತುತ್ತಿತ್ತು. ಮಳೆ ಬಿಡುವು ಕೊಟ್ಟ ದಿನ ನಾಲ್ಕು ಅಡಿ ಪೈಪು ಏರಿಸಿ ಮೇಲೆ ಟೋಪಿ ಹಾಕಿದೆವು. ಇದನ್ನು ಮೊದಲೇ ಮಾಡಬೇಕಿತ್ತು, ಗೊತ್ತಿದ್ದೂ ಪೈಪಿನ ದುಡ್ಡು ಉಳಿಸಲು ಹೋಗಿದ್ದೆ.

ಗೋಡೆ? ಒಲೆ ಆರಿ ಎರಡು ಗಂಟೆಯ ಮೇಲೆ ಕೋಣೆಯ ಕಡೆ ಮೈ 36 ಡಿಗ್ರಿ. ಮುಟ್ಟಿದರೆ ಕರು ಮಲಗಿದ್ದ ಜಾಗದ ಬಿಸಿ. ರಾತ್ರಿ ಕೋಣೆ ಜಗಲಿಗಿಂತ ಮೂರು, ನಾಲ್ಕು ಡಿಗ್ರಿ ಮೇಲೆ. ಅಂಕಿ ಸಣ್ಣದು, ಆದರೆ ಹಾಸಿಗೆ ಒಣಗಿರುತ್ತದೆ. ಗೋಡೆಯಿಂದ ಒಂದು ಅಡಿ ಈಚೆ ಹಗ್ಗ ಕಟ್ಟಿ ಅಮ್ಮ ಸಂಜೆ ಹಾಕಿದ ಬಟ್ಟೆ ಬೆಳಿಗ್ಗೆ ಮಡಚುವ ಹಾಗಿರುತ್ತದೆ, ಹೊಗೆ ವಾಸನೆ ಇಲ್ಲದೆ.

ಖರ್ಚು ಕೇಳುವವರಿಗೆ: ಸೋಲಾರ್ 31,000, ಡ್ರಮ್ಮು 13,500, ಚಿಮಣಿ, ಬೀಡಿನ ಜಾಲರಿ, ಬಾಗಿಲು ಸೇರಿ 6,200, ಪೈಪು, ವಾಲ್ವು 7,800, ಮೇಸ್ತ್ರಿ ಮತ್ತು ಸಹಾಯಕನ ಕೂಲಿ 9,000. ಒಟ್ಟು 67,500 ರೂಪಾಯಿ. ಬರಿ ಗೀಸರ್ ಹಾಕಿದ್ದರೆ ಇದರ ಕಾಲುಭಾಗವೂ ಆಗುತ್ತಿರಲಿಲ್ಲ.

ಗೀಸರಿನ ಜಾಗ ಮಾತ್ರ ಬಿಟ್ಟಿದ್ದೇನೆ. ಬಚ್ಚಲ ಹೊರಗೆ ಸ್ವಿಚ್ಚು, 16 ಆಂಪಿಯರ್ ಪಾಯಿಂಟು, 4 ಚದರ ಮಿಲಿಮೀಟರ್ ವೈರು, ಲೋಡ್ ಜಾಸ್ತಿಯಾದರೆ ಬೀಳುವ ಎಂಸಿಬಿ ಅದಕ್ಕೇ ಬೇರೆ, ಕರೆಂಟು ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಮನೆಗೆಲ್ಲ ಸೇರಿ ಒಂದು. ಅಪ್ಪಯ್ಯನಿಗೆ ಕುಂಟೆ ಎತ್ತಲು ಆಗದ ದಿನ ಬರುತ್ತದೆ. ಅವರಿಗೂ ಗೊತ್ತು. ಆ ಸಾಕೆಟ್ ಮೇಲೆ ತಮ್ಮ ಟವೆಲ್ ನೇತು ಹಾಕಿ ಮುಚ್ಚಿಡುತ್ತಾರೆ.

ಅಮ್ಮ ಒಲೆ ಹತ್ತಿರ ಹೋಗುವುದಿಲ್ಲ. ನಾಲಗೆ ಎಳೆಯುವುದು, ಹೊತ್ತಿಸುವುದು ಎಲ್ಲ ಅಪ್ಪಯ್ಯನೇ. ಆದರೆ ಗೋಡೆ ಅಮ್ಮನದು. ಕುರ್ಚಿ ಅಲ್ಲೇ, ಸಂಜೆಯ ಸೀರಿಯಲ್ಲೂ ಬೆನ್ನನ್ನು ಅದಕ್ಕೆ ಕೊಟ್ಟೇ. ಆಗಸ್ಟ್‌ನಲ್ಲಿ ಹೋದಾಗ ಹಗ್ಗ ಸಾಲದು, ಇನ್ನೆರಡು ಮೊಳೆ ಹೊಡಿ ಅಂದರು. ಹೊಗೆ ಹೋಗುವ ಜಾಗಕ್ಕೆ ಮೊಳೆ ಹೊಡೆಯುವ ಹಾಗಿಲ್ಲ ಅಂತ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ನಾಲ್ಕು ಅಡಿಗೆ ಐದು ಅಡಿ ಗೆರೆ ಎಳೆದು, ಗೆರೆಯಿಂದ ಆಚೆ ಎರಡು ಮೊಳೆ ಹೊಡೆದು ಬಂದೆ. ದಸರೆಗೆ ಹೋಗಿ ನೋಡಿದರೆ ಗೆರೆಯ ಒಳಗೆ, ಸರಿಯಾಗಿ ಕೈಗೆಟಕುವ ಎತ್ತರದಲ್ಲಿ ಒಂದು ಮೊಳೆ. ಅದರಲ್ಲಿ ಅಮ್ಮನ ಸ್ವೆಟರ್. ಮೊಳೆ ಕಿತ್ತು, ತೂತಿಗೆ ಗಾರೆ ತುಂಬಿ, ಒಲೆ ಹೊತ್ತಿಸಿ ಅಲಾರಂ ಹಿಡಿದು ಅರ್ಧ ಗಂಟೆ ಅಲ್ಲೇ ಕೂತೆ. ಸದ್ದಿಲ್ಲ. ಮುಂದಿನ ಸಲ ಹೋಗುವಾಗ ನಿಲ್ಲಿಸುವ ಬಟ್ಟೆ ಸ್ಟ್ಯಾಂಡ್ ಒಂದು ಒಯ್ಯಬೇಕು.